ಮಗಳ ಹೊಸ ದವಡೆ ಹಲ್ಲಿಗೆ ಸೀಲೆಂಟ್ ಹಾಕಿಸಲಾ, ಬೇಡವಾ?

ಮಂಡಗದ್ದೆ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡಗದ್ದೆ ಹತ್ತಿರ ಒಂದು ಹಳ್ಳಿ. ಮಗಳಿಗೆ ಆರೂವರೆ ವರ್ಷ, ಒಂದನೇ ಕ್ಲಾಸು. ಹೋದ ವಾರ ಹಲ್ಲುನೋವು ಅಂತ ರಾತ್ರಿಯೆಲ್ಲ ಅತ್ತಳು. ಹೊರಗೆ ಜಡಿಮಳೆ, ಕರೆಂಟಿಲ್ಲ, ಲವಂಗ ಜಜ್ಜಿ ಹತ್ತಿಯಲ್ಲಿಟ್ಟರೂ ಕಡಿಮೆಯಾಗಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಹೋದೆವು. ನೋವಿದ್ದದ್ದು ಹಾಲು ಹಲ್ಲಿನಲ್ಲಿ, ಹುಳುಕು ನರದವರೆಗೆ ಹೋಗಿತ್ತು. ಅದಕ್ಕೆ ಚಿಕಿತ್ಸೆ ಶುರುವಾಗಿದೆ.

ಕೇಳಬೇಕಾಗಿರುವುದು ಬೇರೆ. ಡಾಕ್ಟರ್ ಸಣ್ಣ ಕನ್ನಡಿ ಹಿಡಿದು, ಆ ಹಲ್ಲಿನ ಹಿಂದೆ ಒಸಡಿನಿಂದ ಎದ್ದಿರುವ ಇನ್ನೊಂದು ದೊಡ್ಡ ಹಲ್ಲು ತೋರಿಸಿದರು. ಇದು ಹಾಲು ಹಲ್ಲಲ್ಲ, ಹೋದರೆ ಮತ್ತೆ ಬರುವುದಿಲ್ಲ, ಇದಕ್ಕೆ ಸೀಲೆಂಟ್, ಅಂದರೆ ಹುಳುಕು ಹಿಡಿಯದ ಹಾಗೆ ಹಲ್ಲಿನ ಮೇಲಿನ ಸಂದಿ ಮುಚ್ಚುವ ಅಂಟು, ಹಾಕಿಬಿಡೋಣ ಅಂದರು. ಅಲ್ಲಿ ಯಾವ ಹಲ್ಲೂ ಬೀಳದೆ ಇದು ಹೇಗೆ ಬಂತು ಅಂತ ನನಗೆ ಆಶ್ಚರ್ಯ. ಮುಂದಿನ ಹಲ್ಲು ಬಿದ್ದಾಗ ಅತ್ತೆ ಸೆಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಸಿದ್ದರು. ಅದನ್ನೆಲ್ಲ ನೆನಪಿಟ್ಟವಳಿಗೆ ಇದು ಮಾತ್ರ ಗೊತ್ತೇ ಆಗಲಿಲ್ಲ.

ಅತ್ತೆ ಬೇಡ ಅನ್ನುತ್ತಾರೆ. ಚೆನ್ನಾಗಿರುವ ಹಲ್ಲಿಗೆ ಯಾಕೆ ಕೈ ಹಾಕಬೇಕು, ಸುಮ್ನೆ ದುಡ್ಡು ದಂಡ ಅಂತ. ಅವಳಿಗೆ ನೋವಾಗುತ್ತದಾ? ಆ ಅಂಟಿನಿಂದ ಏನಾದರೂ ತೊಂದರೆ ಇದೆಯಾ? ಎಷ್ಟು ದಿನ ಇರುತ್ತದೆ? ಇನ್ನೊಂದು ವಿಷಯ, ಅವಳಿಗೆ ದಿನಾ ದೋಸೆಗೆ ಜೋನಿ ಬೆಲ್ಲ ಬೇಕೇ ಬೇಕು. ಬೆಲ್ಲ ಸಕ್ಕರೆಯಷ್ಟು ಕೆಟ್ಟದ್ದಲ್ಲ ಅಂದುಕೊಂಡು ಕೊಡುತ್ತಿದ್ದೆ. ಹಾಕಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಸಾಗರದ ಅಪ್ಪ

ಅಕ್ಕಾ, ಹಾಕಿಸಿ. ನಮ್ಮ ಮನೆಯಲ್ಲಿ ಹಾಕಿಸಿದ್ದು, ಹಾಕಿಸದೆ ಇದ್ದದ್ದು ಎರಡೂ ಇವೆ, ಅದಕ್ಕೇ ಹೇಳುತ್ತಿದ್ದೇನೆ.

ದೊಡ್ಡ ಮಗಳಿಗೆ ಇದರ ವಿಷಯ ಯಾರೂ ಹೇಳಲಿಲ್ಲ. ಆ ಹಿಂದಿನ ಹಲ್ಲಿನ ಮೇಲೆ ಒಂದು ಕಪ್ಪು ಗೆರೆ ಇತ್ತು, ಹಾಲು ಹಲ್ಲು ತಾನೇ, ಬಿದ್ದು ಹೋಗುತ್ತದೆ ಅಂತ ಬಿಟ್ಟೆವು. ಹತ್ತನೇ ವಯಸ್ಸಿಗೆ ರೂಟ್ ಕೆನಾಲ್ ಆಯಿತು. ಆರು ವರ್ಷಕ್ಕೆ ಬರುವ ದವಡೆ ಹಲ್ಲು ಸಾಯುವ ತನಕ ಇರಬೇಕಾದ್ದು ಅಂತ ಅವತ್ತು ಗೊತ್ತಾಯಿತು. ಆ ಮಗು ಕುರ್ಚಿಯ ಕೈ ಹಿಡಿದು ಕೂತಿದ್ದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಚಿಕ್ಕವನಿಗೆ ಏಳು ತುಂಬುತ್ತಿದ್ದ ಹಾಗೆ ನಾಲ್ಕೂ ಹಲ್ಲಿಗೆ ಹಾಕಿಸಿದೆವು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಸೂಜಿ ಇಲ್ಲ, ಕೊರೆಯುವುದಿಲ್ಲ. ಮೊದಲು ಹಲ್ಲು ತಿಕ್ಕಿ ತೊಳೆದರು. ಕೆನ್ನೆಗೂ ಹಲ್ಲಿಗೂ ಮಧ್ಯೆ ಹತ್ತಿಯ ಉಂಡೆ ಇಟ್ಟರು, ಜೊಲ್ಲು ಎಳೆಯುವ ಸಣ್ಣ ಪೈಪು ಒಂದು ಕಡೆ. ಆಮೇಲೆ ನೀಲಿ ಬಣ್ಣದ ಜೆಲ್ ಹಚ್ಚಿ ಅರ್ಧ ನಿಮಿಷದೊಳಗೆ ತೊಳೆದು ಗಾಳಿ ಹೊಡೆದರು. ಹೊಳೆಯುತ್ತಿದ್ದ ಹಲ್ಲು ಸೀಮೆಸುಣ್ಣದ ಹಾಗೆ ಬೆಳ್ಳಗಾಯಿತು, ನನಗೆ ಭಯ ಆಯಿತು, ಅವರು ಅದು ಹಾಗೇ ಆಗಬೇಕು ಅಂದರು. ಅದರ ಮೇಲೆ ತೆಳ್ಳಗೆ ಬಿಳಿ ದ್ರವ ಬಿಟ್ಟರು, ಸಂದಿಗಳಲ್ಲಿ ತಾನಾಗೇ ಹರಿದುಕೊಂಡಿತು. ನೀಲಿ ಲೈಟ್ ಹಿಡಿದ ಸ್ವಲ್ಪ ಹೊತ್ತಿಗೇ ಗಟ್ಟಿ. ಒಂದು ಹಲ್ಲಿಗೆ ಐದು ನಿಮಿಷವೂ ಆಗಲಿಲ್ಲ. ಜೆಲ್ ಹುಳಿ ಅಂತ ಮುಖ ಹಿಂಡಿದ, ಅಷ್ಟೇ. ನಮಗೆ ಒಂದು ಹಲ್ಲಿಗೆ 700 ರೂಪಾಯಿ ತೆಗೆದುಕೊಂಡರು. ದೊಡ್ಡವಳ ರೂಟ್ ಕೆನಾಲ್, ಕ್ಯಾಪು ಎರಡೂ ಸೇರಿ ಆದ ಖರ್ಚಿನ ಮುಂದೆ ಇದು ಏನೂ ಅಲ್ಲ.

ತೀರ್ಥಹಳ್ಳಿ ರೋಡ್

ನಮ್ಮದು ಬೇರೆ ಅನುಭವ, ಅದನ್ನೂ ಹೇಳಿಬಿಡುತ್ತೇನೆ. ಮಗನಿಗೆ ಹಾಕಿಸಿದ್ದು ಆರು ತಿಂಗಳೊಳಗೆ ಎರಡು ಹಲ್ಲಿನಲ್ಲಿ ಎದ್ದು ಹೋಯಿತು. ಯಾವ ಕ್ಲಿನಿಕ್ ಅಂತ ಹೇಳುವುದಿಲ್ಲ. ಅವತ್ತು ಅಲ್ಲಿ ಜನ ಜಾಸ್ತಿ, ಅವನು ನಾಲಿಗೆ ಆಡಿಸುತ್ತಲೇ ಇದ್ದ, ಹತ್ತಿ ನೆನೆದು ತೊಪ್ಪೆಯಾಗಿತ್ತು, ಆದರೂ ಬೇಗ ಬೇಗ ಮುಗಿಸಿ ಕಳಿಸಿದರು. ಮತ್ತೆ ಬಂದು ತೋರಿಸಿ ಅಂತಲೂ ಹೇಳಲಿಲ್ಲ. ನಾವು ಹಾಕಿಸಿದ್ದೀವಲ್ಲ ಅಂತ ನಿಶ್ಚಿಂತೆಯಾಗಿದ್ದೆವು. ಸ್ಕೂಲಿನ ತಪಾಸಣೆಯಲ್ಲಿ ಗೊತ್ತಾಯಿತು. ಪುಣ್ಯಕ್ಕೆ ಹುಳುಕು ಇರಲಿಲ್ಲ.

ಮಕ್ಕಳ ಹಲ್ಲಿನ ಡಾಕ್ಟರ್

ಶಿವಮೊಗ್ಗದ ಕಡೆಯೇ ಕೆಲಸ ಮಾಡುತ್ತೇನೆ, ಈ ಪ್ರಶ್ನೆ ವಾರಕ್ಕೆ ಹತ್ತು ಸಲ ಬರುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮೊದಲು ಅತ್ತೆಯವರ ಮಾತು. ಚೆನ್ನಾಗಿರುವ ಹಲ್ಲಿಗೇ ಸೀಲೆಂಟ್ ಹಾಕುವುದು, ಕೆಟ್ಟ ಮೇಲೆ ಹಾಕುವುದು ಫಿಲ್ಲಿಂಗ್. ದವಡೆ ಹಲ್ಲಿನ ಮೇಲ್ಭಾಗ ನೋಡಿ, ಉತ್ತ ಗದ್ದೆಯ ಹಾಗೆ ಸಾಲು ಸಾಲು ಸಂದಿ ಇರುತ್ತದೆ. ಕೆಲವು ಸಂದಿ ಬ್ರಷ್ಷಿನ ಒಂದು ಎಳೆಗಿಂತಲೂ ಕಿರಿದು. ನೀವು ಎಷ್ಟೇ ಶ್ರದ್ಧೆಯಿಂದ ಉಜ್ಜಿದರೂ ಎಳೆ ಒಳಗೆ ಇಳಿಯುವುದಿಲ್ಲ, ಆದರೆ ಬೆಲ್ಲದ ಪಾಕ, ಟೋಸ್ಟಿನ ಪುಡಿ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಅದನ್ನು ತಿಂದು ಆಮ್ಲ ಬಿಡುತ್ತದೆ, ಹಲ್ಲು ತಳದಿಂದ ಕರಗುತ್ತದೆ. ಮೇಲೆ ಸೂಜಿ ಮೊನೆಯಷ್ಟು ಕಪ್ಪು, ಒಳಗೆ ಪೊಳ್ಳು. ಸೀಲೆಂಟ್ ಮಾಡುವ ಕೆಲಸ ಒಂದೇ, ಆ ಸಂದಿ ಮುಚ್ಚುವುದು.

ಇದು ಹೊಸ ಪ್ರಯೋಗ ಏನಲ್ಲ. ಹುಳಿ ಜೆಲ್ ಹಚ್ಚಿ ಹಲ್ಲನ್ನು ಒರಟು ಮಾಡಿದರೆ ರೆಸಿನ್ (ಪ್ಲಾಸ್ಟಿಕ್‌ನಂಥ ಅಂಟು) ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ ಅಂತ ಅಮೆರಿಕದ ದಂತವೈದ್ಯ ಮೈಕೆಲ್ ಬುವೊನೊಕೋರ್ ತೋರಿಸಿದ್ದು 1955ರಲ್ಲಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಕೊಡುವ ಲೆಕ್ಕದಲ್ಲಿ, ಹಾಕಿದ ಮೊದಲ 2 ವರ್ಷ ದವಡೆ ಹಲ್ಲಿನ ಹುಳುಕನ್ನು ಸುಮಾರು 80 ಪರ್ಸೆಂಟ್ ತಡೆಯುತ್ತದೆ, 4 ವರ್ಷದವರೆಗೂ ಅರ್ಧದಷ್ಟು ತಡೆಯುತ್ತದೆ. ಚೆನ್ನಾಗಿ ಕೂತರೆ ಇನ್ನೂ ಎಷ್ಟೋ ವರ್ಷ ಇರುತ್ತದೆ.

ಯಾವಾಗ ಹಾಕಿಸಬೇಕು ಅನ್ನುವುದು ಮುಖ್ಯ. ಈ ಹಲ್ಲು ಆರರ ಸುಮಾರಿಗೆ ಹಾಲು ಹಲ್ಲುಗಳ ಹಿಂದಿನ ಖಾಲಿ ಜಾಗದಲ್ಲಿ ಬರುತ್ತದೆ, ಅದಕ್ಕೇ ಯಾರ ಗಮನಕ್ಕೂ ಬೀಳುವುದಿಲ್ಲ. ಅದರ ಹಿಂದಿನದು ಹನ್ನೆರಡರ ಹೊತ್ತಿಗೆ, ಆಗಲೂ ಹಾಕಿಸಬೇಕು. ಹೊಸದಾಗಿ ಬಂದ ಹಲ್ಲಿನ ಮೇಲ್ಪದರ ಇನ್ನೂ ಎಳೆಯದು, ಮೊದಲ ಎರಡು ಮೂರು ವರ್ಷದಲ್ಲೇ ಹುಳುಕು ಹಿಡಿಯುವುದು ಜಾಸ್ತಿ. ಆದ್ದರಿಂದ ಮೇಲ್ಭಾಗ ಪೂರ್ತಿ ಹೊರಗೆ ಬಂದ ಕೂಡಲೇ ಹಾಕಿಸಿ. ಹಿಂಭಾಗದಲ್ಲಿ ಒಸಡು ಇನ್ನೂ ಸೆರಗಿನ ಹಾಗೆ ಹೊದ್ದುಕೊಂಡಿದ್ದರೆ ಒದ್ದೆ ತಡೆಯಲು ಆಗುವುದಿಲ್ಲ. ಆಗ ಗ್ಲಾಸ್ ಅಯನೊಮರ್ ಅನ್ನುವುದನ್ನು ಹಾಕಿಡುತ್ತೇವೆ. ಅದಕ್ಕೆ ಸ್ವಲ್ಪ ಒದ್ದೆ ಇದ್ದರೂ ನಡೆಯುತ್ತದೆ, ಫ್ಲೋರೈಡ್ ಬಿಡುತ್ತದೆ, ಆದರೆ ಬೇಗ ಸವೆಯುತ್ತದೆ. ಹಲ್ಲು ಪೂರ್ತಿ ಬಂದ ಮೇಲೆ ರೆಸಿನ್ ಹಾಕುತ್ತೇವೆ.

ತೀರ್ಥಹಳ್ಳಿ ರೋಡ್ ಅವರೇ, ನಿಮ್ಮ ಮಗನಿಗೆ ಆದದ್ದು ಇದೇ ಅನಿಸುತ್ತದೆ. ಒರಟು ಮಾಡಿದ ಹಲ್ಲಿಗೆ ಒಂದು ತೊಟ್ಟು ಜೊಲ್ಲು ತಾಗಿದರೂ ಅಂಟು ಹಿಡಿಯುವುದಿಲ್ಲ, ಮತ್ತೆ ಮೊದಲಿನಿಂದ ಜೆಲ್ ಹಚ್ಚಬೇಕು. ಹತ್ತಿ ಬದಲಾಯಿಸಿ ಅಂತ ಕೇಳುವ ಹಕ್ಕು ತಂದೆ ತಾಯಿಗೆ ಇದೆ, ಸಂಕೋಚ ಬೇಡ. ಆರು ತಿಂಗಳಿಗೊಮ್ಮೆ ತೋರಿಸಲೇಬೇಕು. ಅರ್ಧ ಎದ್ದ ಸೀಲೆಂಟ್ ಅಡಿಯಲ್ಲಿ ಹುಳುಕು ಶುರುವಾಗಬಹುದು, ಆದರೆ ಎದ್ದಿದ್ದು ಸಮಯಕ್ಕೆ ಗೊತ್ತಾದರೆ ಆ ಜಾಗಕ್ಕೆ ಮಾತ್ರ ಮತ್ತೆ ಹಾಕಿದರೆ ಸಾಕು.

ಅಂಟಿನ ಭಯದ ಬಗ್ಗೆ. ಕೆಲವು ರೆಸಿನ್‌ನಿಂದ ಬಿಸ್ಫಿನಾಲ್-ಎ ಅನ್ನುವ, ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ರಾಸಾಯನಿಕ ಬಹಳ ಅಲ್ಪ ಪ್ರಮಾಣದಲ್ಲಿ, ಹಾಕಿದ ಮೊದಲ ಕೆಲವು ಗಂಟೆ ಜೊಲ್ಲಿನಲ್ಲಿ ಕಾಣಿಸಬಹುದು. ಲೈಟ್ ಹಿಡಿದ ಮೇಲೆ ಮೇಲ್ಪದರ ಒರೆಸಿ, ಮಗುವಿಗೆ ಬಾಯಿ ಮುಕ್ಕಳಿಸಿ ಉಗಿಯಲು ಹೇಳಿದರೆ ಅದೂ ಕಡಿಮೆಯಾಗುತ್ತದೆ. ನನ್ನ ಸ್ವಂತ ಮಕ್ಕಳಿಗೂ ಹಾಕಿದ್ದೇನೆ.

ಇದು ಹಲ್ಲಿನ ಮೇಲ್ಭಾಗಕ್ಕೆ ಮಾತ್ರ ಕಾವಲು. ಎರಡು ಹಲ್ಲಿನ ನಡುವೆ ಬರುವ ಹುಳುಕನ್ನು ತಡೆಯುವುದಿಲ್ಲ. ಅದಕ್ಕೆ ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ ಉಜ್ಜಲೇಬೇಕು, ರಾತ್ರಿಯದು ತಪ್ಪಬಾರದು. ಪೇಸ್ಟ್ ಬಟಾಣಿ ಕಾಳಿನಷ್ಟು, 1000 ಪಿಪಿಎಂ ಫ್ಲೋರೈಡ್ ಅಂತ ಡಬ್ಬಿಯ ಮೇಲೆ ನೋಡಿಕೊಳ್ಳಿ. ಕೆಲವು ಗಿಡಮೂಲಿಕೆ ಪೇಸ್ಟಿನಲ್ಲಿ ಫ್ಲೋರೈಡ್ ಇರುವುದೇ ಇಲ್ಲ. ಹೊಸ ಹಲ್ಲು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ ಅದರ ಮೇಲೆ ತೇಲಿ ಹೋಗುತ್ತದೆ. ಬಾಯಿಯ ಪಕ್ಕದಿಂದ ಬ್ರಷ್ ಅಡ್ಡ ಹಾಕಿ ಅದೊಂದನ್ನೇ ಬೇರೆಯಾಗಿ ಉಜ್ಜಿ. ಆರೂವರೆ ವರ್ಷದ ಮಗುವಿನ ಕೈಗೆ ಅದು ಬರುವುದಿಲ್ಲ, ನೀವೇ ಮಾಡಬೇಕು.

ಜೋನಿ ಬೆಲ್ಲ. ಹಲ್ಲಿಗೆ ಬೆಲ್ಲವೂ ಒಂದೇ ಸಕ್ಕರೆಯೂ ಒಂದೇ. ಆದರೆ ದೋಸೆಯ ಜೊತೆ ಒಂದು ಹೊತ್ತು ತಿಂದು ಬಾಯಿ ತೊಳೆದರೆ ನಾನು ಬೈಯುವುದಿಲ್ಲ. ಎಷ್ಟು ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದು ಹಲ್ಲಿಗೆ ಹೆಚ್ಚು ಮುಖ್ಯ. ಮಳೆಗೆ ರಜಾ ಕೊಟ್ಟ ದಿನ ಮಕ್ಕಳು ಬೆಳಗಿನಿಂದ ಸಂಜೆವರೆಗೆ ಬಿಸ್ಕತ್ತು, ಟೋಸ್ಟು ಅಂತ ಬಾಯಾಡಿಸುತ್ತಲೇ ಇರುತ್ತಾರಲ್ಲ, ನಮ್ಮ ಮಲೆನಾಡಿನಲ್ಲಿ ನನಗೆ ಚಿಂತೆ ಅದರದ್ದು.

ಹೊಸನಗರ ಟೀಚರ್

ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಒಂದು ಮಾತು ಸೇರಿಸುತ್ತೇನೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ತಪಾಸಣೆಗೆ ಬಂದಾಗ ಹಲ್ಲನ್ನೂ ನೋಡುತ್ತಾರೆ. ಅವತ್ತು ಮಗುವನ್ನು ತಪ್ಪಿಸಬೇಡಿ, ಚೀಟಿ ಬರೆದುಕೊಟ್ಟರೆ ಚೀಲದಲ್ಲೇ ಬಿಡಬೇಡಿ. ನಮ್ಮ ಶಾಲೆಯಲ್ಲಿ ಎಷ್ಟೋ ಚೀಟಿ ಹಾಗೇ ಮುದುಡಿ ಹೋಗುವುದನ್ನು ಕಂಡಿದ್ದೇನೆ, ಸಂಕಟ ಆಗುತ್ತದೆ. ಖಾಸಗಿ ಕ್ಲಿನಿಕ್ ಖರ್ಚು ಕಷ್ಟ ಅನ್ನುವವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಶರಾವತಿ ಡೆಂಟಲ್ ಕಾಲೇಜಿನಲ್ಲೋ ಒಂದು ಸಲ ವಿಚಾರಿಸಿ. ಕಾಲೇಜಿನಲ್ಲಿ ಸ್ವಲ್ಪ ಕಾಯಬೇಕಾಗುತ್ತದೆ, ಬೆಳಿಗ್ಗೆ ಬೇಗ ಹೋಗಿ.

ಮಂಡಗದ್ದೆ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಸಾಗರದ ಅಣ್ಣ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ದವಡೆ ಹಲ್ಲು ಇಪ್ಪತ್ತಕ್ಕೇ ಕಿತ್ತಿದ್ದು, ಇವಳಿಗೆ ಹಾಗಾಗುವುದು ಬೇಡ ಅಂದರು.

ನಿನ್ನೆ ರಾತ್ರಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಟಾರ್ಚ್ ಬಿಟ್ಟು ನೋಡಿದೆ. ಕೆಳಗಿನ ಎರಡೂ ಪೂರ್ತಿ ಬಂದಿವೆ. ಮೇಲೆ ಎಡಗಡೆಯದು ಬಂದಿದೆ, ಬಲಗಡೆಯದರ ಮೇಲೆ ಡಾಕ್ಟರ್ ಹೇಳಿದ ಹಾಗೇ ಒಸಡು ಹೊದ್ದುಕೊಂಡಿದೆ. ಬುಧವಾರ ಈ ಮೂರು ಹಲ್ಲಿಗೆ ಹಾಕಿಸುತ್ತೇವೆ. ನಾಲ್ಕನೆಯದಕ್ಕೆ ಆ ಗ್ಲಾಸ್ ಅಯನೊಮರ್ ಬಗ್ಗೆ ಕೇಳುತ್ತೇನೆ. ಅಲ್ಲಿಯವರೆಗೆ ಅದಕ್ಕೆ ಬ್ರಷ್ ಅಡ್ಡ ಹಾಕಿ ನಾನೇ ಉಜ್ಜುತ್ತಿದ್ದೇನೆ.