ಸಹಾಯ ಬೇಕು: ‘ದಿ ಡೇ ಆಫ್ ದಿ ಲೋಕಸ್ಟ್’ ಕಾದಂಬರಿಯ ಕೊನೆಯ ಪುಟ

ನಮಸ್ಕಾರ. ನಥಾನಿಯಲ್ ವೆಸ್ಟ್ ಅವರ 1939ರ ಈ ಕಾದಂಬರಿಯ ಕುರಿತು ನಮ್ಮ ಓದುಗರ ಬಳಗದಲ್ಲಿ ನಾನು ಮಾತನಾಡಬೇಕಾಗಿದ್ದು, ಅದರ ಕೊನೆಯ ಪುಟದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಹಾಲಿವುಡ್ಡಿನ ಸ್ಟುಡಿಯೋವೊಂದರಲ್ಲಿ ಸೆಟ್ಟು, ಉಡುಪುಗಳ ವಿನ್ಯಾಸ ಕಲಿಯುತ್ತಿರುವ ಚಿತ್ರಕಾರ ಟಾಡ್ ಹ್ಯಾಕೆಟ್, ಸಿನಿಮಾದ ಪ್ರಥಮ ಪ್ರದರ್ಶನಕ್ಕೆ ನೆರೆದ ಜನ ದೊಂಬಿಗಿಳಿದಾಗ, ಪೆಟ್ಟಾದ ಕಾಲಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ, ಹೊತ್ತಿ ಉರಿಯುವ ಲಾಸ್ ಏಂಜಲೀಸ್ ನಗರದ ತನ್ನ ಚಿತ್ರವನ್ನು ಮನಸ್ಸಿನಲ್ಲಿ ಬರೆಯುತ್ತಾ ಹೋಗುತ್ತಾನೆ. ಬಳಿಕ ಪೊಲೀಸ್ ಕಾರಿನಲ್ಲಿ ಸೈರನ್ ಕೇಳಿಸಿದಾಗ, ಆ ಸದ್ದು ತನ್ನದೇ ಇರಬೇಕೆಂದು ತುಟಿ ಮುಟ್ಟಿ ನೋಡಿಕೊಳ್ಳುತ್ತಾನೆ; ತುಟಿಗಳು ಬಿಗಿದೇ ಇವೆ. ಆಮೇಲೆ ನಕ್ಕು, ಸೈರನ್ನಿನಂತೆಯೇ ಗಟ್ಟಿಯಾಗಿ ಕೂಗತೊಡಗುತ್ತಾನೆ.

ತುಟಿ ಮುಟ್ಟಿಕೊಳ್ಳುವ ಆ ಸಾಲು ನನ್ನನ್ನು ಬಿಡುತ್ತಿಲ್ಲ. ಕಾದಂಬರಿಯನ್ನು ಎರಡು ಬಾರಿ ಓದಿದೆ, 1975ರ ಚಲನಚಿತ್ರವನ್ನೂ ನೋಡಿದೆ, ಗೊಂದಲ ಬಗೆಹರಿಯಲಿಲ್ಲ. ಬುದ್ಧಿ ಕೆಟ್ಟಿತು ಎಂದು ಒಂದೇ ಮಾತಿನಲ್ಲಿ ಮುಗಿಸಲು ನನಗೆ ಮನಸ್ಸೊಪ್ಪುವುದಿಲ್ಲ, ಏಕೆಂದರೆ ಕ್ಷಣದ ಹಿಂದಷ್ಟೇ ಅವನು ಅಷ್ಟು ಸ್ಪಷ್ಟವಾಗಿ ಚಿತ್ರವನ್ನು ಕಾಣುತ್ತಿದ್ದ.

ಓದಿದವರು ದಯವಿಟ್ಟು ತಿಳಿಸಿ: ಆ ಕೂಗು ಟಾಡ್ ಸ್ತಿಮಿತ ಕಳೆದುಕೊಂಡದ್ದರ ಗುರುತೋ, ಅಥವಾ ಕನಸು ನಂಬಿ ಕ್ಯಾಲಿಫೋರ್ನಿಯಾಕ್ಕೆ ಬಂದು ಮೋಸಹೋದ ಜನರನ್ನು ಅದುವರೆಗೆ ದೂರ ನಿಂತು ನೋಡುತ್ತಿದ್ದವನು ಕಡೆಗೆ ಅವರಲ್ಲೊಬ್ಬನಾದುದರ ಗುರುತೋ? ನಿಮ್ಮ ಓದಿಗೆ ಕಾದಂಬರಿಯ ಯಾವ ಭಾಗ ಆಧಾರ?