ಸಹಾಯ ಬೇಕು: ವಿಡಿಯೋ ಎಡಿಟರ್‌ನ ಹೊಸ ಆವೃತ್ತಿಯಲ್ಲಿ ಕನ್ನಡ ಟೈಟಲ್ ಸರಿ ಬರುತ್ತಾ?

ನಮಸ್ಕಾರ ಎಲ್ಲರಿಗೂ. ನಾನು ಬಾಗಲಕೋಟೆಯಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ನಮ್ಮ ಕಡೆ ಟೈಟಲ್ ಶುರುವಾಗುವುದೇ "ಶ್ರೀ ಸಂಗಮೇಶ್ವರ ಪ್ರಸನ್ನ" ಅಂತ. ನಾನು ಬಳಸುವ ಸಾಫ್ಟ್‌ವೇರ್‌ನಲ್ಲಿ ಅದನ್ನು ಟೈಪ್ ಮಾಡಿದರೆ ಒತ್ತಕ್ಷರ ಬಿಡಿಯಾಗಿ, ಅರ್ಧಾಕ್ಷರದ ಪಕ್ಕ ಬಂದು ಕೂರುತ್ತದೆ. ದೇವರ ಹೆಸರೇ ಒಡೆದು ಕಂಡರೆ ಮನೆಯವರಿಗೆ ಬೇಜಾರಾಗುತ್ತದೆ ಅಲ್ವಾ?

ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ ನೋಡಿದೆ, ಅದೇ ಕಥೆ. ಅದೇ ಫಾಂಟ್ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಚೆನ್ನಾಗಿ ಬರುತ್ತದೆ. ಅಂದರೆ ಫಾಂಟ್ ಸರಿ ಇದೆ, ಅಕ್ಷರ ಜೋಡಿಸುವ ಕೆಲಸ ಎಡಿಟಿಂಗ್ ಸಾಫ್ಟ್‌ವೇರ್ ಮಾಡುತ್ತಿಲ್ಲ. ಹಳೆಯ ನುಡಿ ಫಾಂಟ್ ಹಾಕಿ ಆಸ್ಕಿಯಲ್ಲಿ, ಅಂದರೆ ಹಳೆಯ ಅಕ್ಷರ ಸಂಕೇತದಲ್ಲಿ, ಟೈಪ್ ಮಾಡಿದರೆ ಅಕ್ಷರ ಕೂಡುತ್ತವೆ, ಆದರೆ ಹೆಸರುಗಳು ವಾಟ್ಸಾಪ್‌ನಲ್ಲಿ ಯೂನಿಕೋಡ್‌ನಲ್ಲೇ, ಅಂದರೆ ಈಗಿನ ಸಂಕೇತದಲ್ಲೇ, ಬರುವುದರಿಂದ ಎಲ್ಲವನ್ನೂ ಮತ್ತೆ ಬದಲಾಯಿಸಬೇಕು. ಸದ್ಯ ಇಂಕ್‌ಸ್ಕೇಪ್‌ನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ತರುತ್ತಿದ್ದೇನೆ. ಕೆಲಸ ನಡೆಯುತ್ತದೆ. ಆದರೆ ಚಿತ್ರವಾದ ಮೇಲೆ ಒಂದೊಂದೇ ಅಕ್ಷರ ಮೂಡುವ ಎಫೆಕ್ಟ್ ಸಿಗುವುದಿಲ್ಲ, ಒಂದು ಹೆಸರು ತಿದ್ದಬೇಕೆಂದರೂ ಮತ್ತೆ ಮೊದಲಿಂದ.

ಈಗ ನಾನು ಬಳಸುವ ಸಾಫ್ಟ್‌ವೇರ್‌ನ ಮುಂದಿನ ಆವೃತ್ತಿಯ ಬೀಟಾ (ಪರೀಕ್ಷೆಗೆ ಬಿಟ್ಟ ಪ್ರತಿ) ಬಂದಿದೆ, ಟೈಟಲ್ ಭಾಗ ಸುಧಾರಿಸಿದೆ ಅಂತಿದ್ದಾರೆ. ನನಗೆ ತುಂಬಾ ಆಸೆ ಇದೆ. ಆದರೆ ಹೊಸದರಲ್ಲಿ ತೆರೆದ ಪ್ರಾಜೆಕ್ಟ್ ಸಾಮಾನ್ಯವಾಗಿ ಹಳೆಯದರಲ್ಲಿ ತೆರೆಯುವುದಿಲ್ಲ. ಸೀಸನ್ ಮಧ್ಯೆ ಸುಮ್ನೆ ಅಪಾಯ ಯಾಕೆ?

ಯಾವುದೇ ಎಡಿಟರ್‌ನ ಬೀಟಾ ಹಾಕಿದವರು "ಸಂಗಮೇಶ್ವರ ಪ್ರಸನ್ನ" ಅಂತ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಸ್ಕ್ರೀನ್‌ಶಾಟ್ ಮತ್ತು ಸಾಫ್ಟ್‌ವೇರ್ ಹೆಸರು ಹಾಕುತ್ತೀರಾ? ಒಂದೇ ಕಂಪ್ಯೂಟರ್‌ನಲ್ಲಿ ಹಳೆಯದನ್ನೂ ಬೀಟಾವನ್ನೂ ಬೇರೆ ಬೇರೆ ಇಟ್ಟುಕೊಂಡವರಿದ್ದರೆ, ಹೇಗೆ ಇಟ್ಟಿರಿ?