ಬಿಲ್‌ನಲ್ಲಿ ‘ಶೀತ್’ ಅಂತ ಇದೆ, ಅಪ್ಪನಿಗೆ ಶೀತವೇ ಇರಲಿಲ್ಲ!

ಪ್ರಶ್ನೆ – ಚಿಂತಾಮಣಿಯಿಂದ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಅಪ್ಪನಿಗೆ ಆಂಜಿಯೋಗ್ರಾಂ ಆಯಿತು. ಕೈಯಿಂದಲೇ ಮಾಡಿದರು, ಸಂಜೆಗೆ ಮನೆಗೆ ಬಂದೆವು. ದೊಡ್ಡ ಬ್ಲಾಕ್ ಇಲ್ಲ, ಮಾತ್ರೆ ಸಾಕು ಅಂದಿದ್ದಾರೆ. ಈಗ ಇನ್ಶೂರೆನ್ಸ್‌ಗೆ ಕಳಿಸಲು ಬಿಲ್ ತೆಗೆದು ಕೂತಿದ್ದೇನೆ. ‘ಪಂಕ್ಚರ್ ನೀಡಲ್’, ‘ರೇಡಿಯಲ್ ಶೀತ್ 6 ಎಫ್’, ‘ಗೈಡ್ ವೈರ್ 0.035’, ‘ಕ್ಯಾತಿಟರ್ 5 ಎಫ್’ ಅಂತೆಲ್ಲ ಇದೆ. ಅಮ್ಮ ಪಕ್ಕದಲ್ಲೇ ಕೂತು ಓದಿಸಿಕೊಂಡರು. ‘ಅವರಿಗೆ ಶೀತ ಎಲ್ಲಿತ್ತೋ, ಅದಕ್ಕೂ ದುಡ್ಡು ಹಾಕವ್ರಾ?’ ಅಂತ ಕೇಳುತ್ತಿದ್ದಾರೆ. ಒಂದು ಟ್ಯೂಬ್ ಹಾಕಲು ಇಷ್ಟೊಂದು ಸಾಮಾನು ಯಾಕೆ ಬೇಕು? ಈ ಶೀತ್ ಅಂದರೆ ಏನು?

ಉತ್ತರ – ಕ್ಯಾತ್ ಲ್ಯಾಬ್ ಟೆಕ್ನಿಷಿಯನ್, ಬೆಂಗಳೂರು

ಅಮ್ಮನ ಪ್ರಶ್ನೆ ಓದಿ ಡ್ಯೂಟಿ ರೂಮಿನಲ್ಲಿ ಒಬ್ಬನೇ ನಕ್ಕೆ. ಶೀತ ಅಲ್ಲಮ್ಮ, ಶೀತ್. ಕತ್ತಿಗೆ ಒರೆ ಇರುತ್ತದಲ್ಲ, ಇಂಗ್ಲಿಷಿನಲ್ಲಿ ಅದಕ್ಕೂ ಇದೇ ಹೆಸರು.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಕ್ಯಾತ್ ಲ್ಯಾಬ್, ಅಂದರೆ ಆಂಜಿಯೋಗ್ರಾಂ ಮಾಡುವ ರೂಮಿನಲ್ಲಿ, ಟೇಬಲ್ ಪಕ್ಕ ನಿಂತು ಈ ಸಾಮಾನುಗಳ ಪ್ಯಾಕೆಟ್ ಬಿಚ್ಚಿ, ಸಲೈನ್ ಹಾಯಿಸಿ, ಡಾಕ್ಟರ ಕೈಗೆ ಕೊಡುವವನು. 16 ವರ್ಷ ಆಯಿತು. ಸ್ಟೆಂಟ್ ಯಾವ ಕಂಪನಿ, ಎಷ್ಟು ರೇಟು ಅಂತ ಎಲ್ಲರೂ ಕೇಳುತ್ತಾರೆ. ಶೀತ್ ಬಗ್ಗೆ ಕೇಳಿದವರು ನಿಮ್ಮಮ್ಮನೇ ಮೊದಲು.

ನಿಮ್ಮ ಕಡೆಯವರಿಗೆ ಬೋರ್‌ವೆಲ್ ಬಗ್ಗೆ ನಾನೇನೂ ಹೇಳಬೇಕಿಲ್ಲ. ಕೊರೆಯುವಾಗ ಮೇಲಿನ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಆಮೇಲೆ ಮೋಟಾರು ಬಿಡುವುದು, ಎತ್ತುವುದು ಎಲ್ಲ ಅದರೊಳಗೇ. ಶೀತ್ ಅಂದರೆ ರಕ್ತನಾಳಕ್ಕೆ ಹಾಕುವ ಕೇಸಿಂಗ್. ಅದರೊಳಗಿಂದ ಹೃದಯದವರೆಗೆ ಹೋಗುವ ತೆಳು ಉದ್ದ ಟ್ಯೂಬೇ ಕ್ಯಾತಿಟರ್. ಹೃದಯದ ಎಡದ ರಕ್ತನಾಳಕ್ಕೆ ಒಂದು ಆಕಾರದ ಕ್ಯಾತಿಟರ್, ಬಲದ್ದಕ್ಕೆ ಇನ್ನೊಂದು ಬೇಕಾಗಬಹುದು. ಪ್ರತಿ ಸಲವೂ ಹೊಸದಾಗಿ ಚುಚ್ಚಲು ಆಗುತ್ತದಾ? ಶೀತ್ ಒಂದು ಸಲ ಕೂತರೆ ಸಾಕು. ಎಷ್ಟು ಕ್ಯಾತಿಟರ್ ಬದಲಾಯಿಸಿದರೂ ರಕ್ತನಾಳದ ಬಾಯಿ ಹರಿಯುವುದಿಲ್ಲ.

ಆದರೆ ಬೋರ್‌ವೆಲ್ ಪೈಪಿನ ಬಾಯಿ ತೆರೆದೇ ಇರುತ್ತದೆ. ಇಲ್ಲಿ ಹಾಗೆ ಬಿಟ್ಟರೆ ರಕ್ತ ಚಾವಣಿಗೆ ಹಾರುತ್ತದೆ. ಅದಕ್ಕೇ ಶೀತ್‌ನ ತಲೆಯಲ್ಲಿ ಸಿಲಿಕೋನಿನ ಪುಟ್ಟ ಬಿಲ್ಲೆ ಇದೆ, ನಡುವೆ ಸೀಳಿರುತ್ತದೆ. ಕ್ಯಾತಿಟರ್ ತೂರಿಸಿದರೆ ಬಾಯಿ ಬಿಡುತ್ತದೆ, ತೆಗೆದರೆ ತಾನೇ ಮುಚ್ಚಿಕೊಳ್ಳುತ್ತದೆ. ಪಕ್ಕದಲ್ಲಿ ಒಂದು ಕವಲು ಟ್ಯೂಬು, ಅದರ ತುದಿಗೆ ಮೂರು ದಾರಿಯ ನಲ್ಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ರಕ್ತನಾಳ ಸಡಿಲಿಸುವ ಔಷಧಿ ಎಲ್ಲ ಅಲ್ಲಿಂದಲೇ ಕೊಡಬಹುದು.

ಹಾಕುವ ಕ್ರಮ ಹೇಳುತ್ತೇನೆ, ಬಿಲ್‌ನ ಸಾಲುಗಳು ಆಗ ತಾನಾಗಿ ಅರ್ಥವಾಗುತ್ತವೆ. ನಾಡಿ ನೋಡುವ ಜಾಗದಲ್ಲಿ ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್. ಒಂದು ಕೈಯ ಬೆರಳಲ್ಲಿ ನಾಡಿ ಹಿಡಿದು, ಇನ್ನೊಂದು ಕೈಯಿಂದ ಸೂಜಿಯನ್ನು ಓರೆಯಾಗಿ ಇಳಿಸುತ್ತಾರೆ. ರಕ್ತನಾಳ ಸಿಕ್ಕ ಕೂಡಲೇ ಸೂಜಿಯ ಹಿಂಬದಿಯಲ್ಲಿ ರಕ್ತ ಪುಟಿಯುತ್ತದೆ. ಆ ಕ್ಷಣ ನಮ್ಮ ರೂಮಿನಲ್ಲಿ ಯಾರೂ ಮಾತಾಡುವುದಿಲ್ಲ. ಕೂದಲೆಳೆಯಷ್ಟು ಅಲುಗಿದರೂ ಜಾಗ ತಪ್ಪುತ್ತದೆ. ಸೂಜಿಯೊಳಗಿಂದ ತೆಳ್ಳನೆ ತಂತಿ ತೂರಿಸುತ್ತಾರೆ. ಸೂಜಿ ಹೊರಗೆ, ತಂತಿ ಒಳಗೇ. ಆ ತಂತಿಯ ಮೇಲೆ ಶೀತ್ ಜಾರಿಸುತ್ತಾರೆ. ಅದರೊಳಗೆ ಡೈಲೇಟರ್ ಅಂತ ಚೂಪು ಮೂತಿಯ ಗಟ್ಟಿ ನಳಿಕೆ ಇರುತ್ತದೆ, ಅದು ತೂತನ್ನು ಮೆಲ್ಲಗೆ ಹಿಗ್ಗಿಸುತ್ತಾ ಮುಂದೆ ಹೋಗುತ್ತದೆ. ಶೀತ್ ಕೂತ ಮೇಲೆ ಡೈಲೇಟರ್, ತಂತಿ ಎರಡೂ ಹೊರಗೆ. ಮಣಿಕಟ್ಟಿನ ಮೇಲೆ ಕಾಣುವುದು ಶೀತ್‌ನ ತಲೆ ಮಾತ್ರ. ಕೈ ಪಳಗಿದ ಡಾಕ್ಟರಿಗೆ ಇದೆಲ್ಲ ಒಂದೆರಡು ನಿಮಿಷದ ಕೆಲಸ.

ಬಿಲ್‌ನಲ್ಲಿರುವ 0.035 ಈ ಪುಟ್ಟ ತಂತಿ ಅಲ್ಲ, ಪುಟ್ಟದ್ದು ಶೀತ್‌ನ ಪ್ಯಾಕೆಟ್ಟಿನಲ್ಲೇ ಬರುತ್ತದೆ. 0.035 ಅಂದರೆ ಕ್ಯಾತಿಟರನ್ನು ಹೃದಯದವರೆಗೆ ಕರೆದೊಯ್ಯುವ ಉದ್ದ ತಂತಿ, ಸಾಮಾನ್ಯವಾಗಿ 150 ಸೆಂ.ಮೀ. ದಪ್ಪ 0.035 ಇಂಚು, ಅಂದರೆ ಸುಮಾರು 0.9 ಮಿ.ಮೀ. ತುದಿ ಕೊಡೆಯ ಹಿಡಿಯ ಹಾಗೆ ಬಾಗಿರುತ್ತದೆ, ರಕ್ತನಾಳದ ಗೋಡೆಗೆ ಚುಚ್ಚಬಾರದು ಅಂತ.

ಸೂಜಿ, ತಂತಿ, ಆಮೇಲೆ ಟ್ಯೂಬು – ಈ ಉಪಾಯ ಸ್ವೀಡನ್ನಿನ ಸ್ವೆನ್ ಇವಾರ್ ಸೆಲ್ಡಿಂಗರ್ ಎಂಬ ಎಕ್ಸ್‌ರೇ ಡಾಕ್ಟರದ್ದು. 1953ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ಕ್ಯಾತಿಟರ್ ತೂರುವಷ್ಟು ದಪ್ಪದ ಸೂಜಿ ಚುಚ್ಚಬೇಕಿತ್ತು, ಇಲ್ಲವೇ ಚರ್ಮ ಕೊಯ್ದು ರಕ್ತನಾಳವನ್ನೇ ಮೇಲೆತ್ತಬೇಕಿತ್ತು. ಇವತ್ತು ಐಸಿಯುನಲ್ಲಿ ಕುತ್ತಿಗೆಗೆ ಹಾಕುವ ಲೈನ್‌ನಿಂದ ಹಿಡಿದು ಡಯಾಲಿಸಿಸ್ ಕ್ಯಾತಿಟರ್‌ವರೆಗೆ ಎಲ್ಲಕ್ಕೂ ಅದೇ ಬುದ್ಧಿ.

ಪ್ರಶ್ನೆ – ಚಿಂತಾಮಣಿಯವರೇ

ಬೋರ್‌ವೆಲ್ ಉದಾಹರಣೆ ಅಮ್ಮನಿಗೆ ಒಂದೇ ಸಲಕ್ಕೆ ತಲೆಗೆ ಹೋಯಿತು ಸರ್! ಒಂದೇ ಅನುಮಾನ. ಶೀತ್ 6 ಎಫ್, ಕ್ಯಾತಿಟರ್ 5 ಎಫ್. ಇನ್ಶೂರೆನ್ಸ್‌ನವರು ಅಳತೆ ತಾಳೆ ಆಗ್ತಿಲ್ಲ ಅಂತ ತಕರಾರು ತೆಗೆಯಲ್ಲ ತಾನೇ?

ಉತ್ತರ

ಇಲ್ಲ, ಸರಿಯಾಗೇ ಇದೆ. ಎಫ್ ಅಂದರೆ ಫ್ರೆಂಚ್. 19ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಶಾರಿಯೇರ್ ಎಂಬ ಸರ್ಜರಿ ಉಪಕರಣ ತಯಾರಕರು ಮಾಡಿದ ಅಳತೆ. 3 ಫ್ರೆಂಚ್ ಅಂದರೆ 1 ಮಿ.ಮೀ. ಹಾಗಾಗಿ 6 ಎಫ್ ಅಂದರೆ 2 ಮಿ.ಮೀ.

ಇಲ್ಲಿ ಹೊಸಬರೆಲ್ಲ ಎಡವುವ ಒಂದು ವಿಷಯ ಇದೆ. ಕ್ಯಾತಿಟರ್‌ಗೆ ಹೇಳುವುದು ಹೊರಗಿನ ಅಳತೆ, ಶೀತ್‌ಗೆ ಹೇಳುವುದು ಒಳಗಿನ ಅಳತೆ. 6 ಎಫ್ ಶೀತ್‌ನೊಳಗೆ 6 ಎಫ್ ಕ್ಯಾತಿಟರ್ ಹಿಡಿಸುತ್ತದೆ, 5 ಎಫ್ ಆರಾಮಾಗಿ ಓಡಾಡುತ್ತದೆ. ಆದರೆ ಶೀತ್‌ನ ಗೋಡೆಯ ದಪ್ಪವೂ ಸೇರಿ, ಹೊರಗಿನಿಂದ ಅಳೆದರೆ ಅದು ಎರಡೂವರೆ ಮಿ.ಮೀ. ದಾಟುತ್ತದೆ. ಸಣ್ಣ ಮೈಕಟ್ಟಿನ ಹೆಂಗಸರಲ್ಲಿ ಮಣಿಕಟ್ಟಿನ ರಕ್ತನಾಳ ಕೆಲವೊಮ್ಮೆ ಅಷ್ಟು ಅಗಲವೂ ಇರುವುದಿಲ್ಲ. ಅದಕ್ಕೇ ಈಗ ತೆಳು ಗೋಡೆಯ ಶೀತ್‌ಗಳು ಬಂದಿವೆ. ಬಣ್ಣ ನೋಡಿಯೂ ಗುರುತಿಸಬಹುದು: 5 ಬೂದು, 6 ಹಸಿರು, 7 ಕಿತ್ತಳೆ. ಕತ್ತಲೆ ರೂಮಿನಲ್ಲಿ ‘ಹಸಿರು ಕೊಡಿ’ ಅಂದರೆ ಸಾಕು.

ಪ್ರಶ್ನೆ – ಶಿವಮೊಗ್ಗದಿಂದ

ಸರ್, ನಮ್ಮತ್ತೆಗೆ ಕೈಯಿಂದ ಸ್ಟೆಂಟ್ ಹಾಕಿದರು. ಹಾಕುವಾಗ ನೋವೇ ಆಗಲಿಲ್ಲವಂತೆ. ಆದರೆ ಕೊನೆಗೆ ಆ ಟ್ಯೂಬ್ ತೆಗೆಯುವಾಗ ‘ಕೈಯೇ ಕಿತ್ತು ಬಂದ ಹಾಗಾಯ್ತು’ ಅಂತ ಇವತ್ತಿಗೂ ಹೇಳುತ್ತಾರೆ. ಏನೋ ತಪ್ಪಾಗಿತ್ತಾ?

ಉತ್ತರ

ತಪ್ಪಾಗಿರಲೇಬೇಕು ಅಂತಿಲ್ಲ ಮೇಡಂ. ಬಹುಶಃ ಸ್ಪ್ಯಾಸಮ್ ಆಗಿರಬೇಕು. ಮಣಿಕಟ್ಟಿನ ಈ ರಕ್ತನಾಳದ ಗೋಡೆಯಲ್ಲಿ ಮಾಂಸದ ಪದರ ಜಾಸ್ತಿ. ಹೆದರಿದರೆ, ನೋವಾದರೆ, ಒಳಗೆ ಟ್ಯೂಬು ತುಂಬಾ ಸಲ ಓಡಾಡಿದರೆ ಅದು ಮುಷ್ಟಿಯಂತೆ ಬಿಗಿದುಕೊಳ್ಳುತ್ತದೆ. ಆಗ ಶೀತ್ ತೆಗೆಯುವುದು ಊದಿದ ಕೈಯಿಂದ ಬಿಗಿಯಾದ ಬಳೆ ತೆಗೆಯಲು ಹೋದ ಹಾಗೆ.

ಆಗ ಎಳೆಯಬಾರದು. ನಮ್ಮ ಡಾಕ್ಟರೊಬ್ಬರು ಅಂಥ ಸಮಯದಲ್ಲಿ ಕೈ ಕಟ್ಟಿ ನಿಂತುಬಿಡುತ್ತಾರೆ. ಶೀತ್‌ನ ಕವಲಿನಿಂದ ರಕ್ತನಾಳ ಸಡಿಲಿಸುವ ನೈಟ್ರೋಗ್ಲಿಸರಿನ್, ಬೇಕಿದ್ದರೆ ನೋವಿಗೆ ಮತ್ತು ಸ್ವಲ್ಪ ಮಂಪರಿಗೆ ಇಂಜೆಕ್ಷನ್, ಮುಂಗೈಗೆ ಬಿಸಿ ಬಟ್ಟೆ. ಪೇಷಂಟ್ ಜೊತೆ ಮಕ್ಕಳು, ಮೊಮ್ಮಕ್ಕಳು ಅಂತ ಮಾತು. ಹತ್ತು ನಿಮಿಷ ಬಿಟ್ಟು ನೋಡಿದರೆ ಸಲೀಸಾಗಿ ಬರುತ್ತದೆ. ಅವಸರ ಮಾಡಿದಲ್ಲೇ ಅನಾಹುತ. ಮುಂದೆ ಎಂದಾದರೂ ಮತ್ತೆ ಮಾಡಿಸುವ ಸಂದರ್ಭ ಬಂದರೆ ‘ಹೋದ ಸಲ ತೆಗೆಯುವಾಗ ತುಂಬಾ ನೋವಾಗಿತ್ತು’ ಅಂತ ಮೊದಲೇ ಹೇಳಿ. ಸಣ್ಣ ಶೀತ್ ಆರಿಸಿಕೊಳ್ಳುತ್ತಾರೆ.

ಪ್ರಶ್ನೆ – ಮಂಡ್ಯದಿಂದ

ಅಣ್ಣಾ, ನಮ್ಮ ಮಾವನಿಗೆ ಡಯಾಲಿಸಿಸ್‌ಗೆ ಅಂತ ಕುತ್ತಿಗೆ ಹತ್ರ ಪರ್ಮ್‌ಕ್ಯಾತ್ ಹಾಕಿದ್ರು. ಮಾವ ಎಚ್ಚರವಾಗೇ ಇದ್ರಂತೆ. ಮಧ್ಯದಲ್ಲಿ ‘ಟಕ್’ ಅಂತ ಏನೋ ಮುರಿದ ಸದ್ದು ಕೇಳಿಸ್ತಂತೆ. ಒಳಗೇ ಏನೋ ಮುರಿದು ಉಳಿದುಬಿಟ್ಟಿದೆ ಅಂತ ರಾತ್ರಿ ನಿದ್ದೆ ಮಾಡ್ತಿಲ್ಲ.

ಉತ್ತರ

ಅದು ಮುರಿಯಲೆಂದೇ ಮಾಡಿದ ವಸ್ತು. ಮಾವನಿಗೆ ಇವತ್ತೇ ಹೇಳಿ.

ಅದರ ಹೆಸರು ಪೀಲ್ ಅವೇ ಶೀತ್, ಅಂದರೆ ಸುಲಿದು ತೆಗೆಯುವ ಶೀತ್. ಪರ್ಮ್‌ಕ್ಯಾತ್‌ನ ಹೊರತುದಿ ನೋಡಿದ್ದೀರಲ್ಲ, ಕೆಂಪು ನೀಲಿ ಎರಡು ಬಾಯಿ, ದಪ್ಪ ಕವಲು. ಮಾಮೂಲಿ ಶೀತ್ ಹಾಕಿದರೆ ಅದನ್ನು ಆ ಕವಲಿನ ಮೇಲಿಂದ ಕಳಚಿ ತೆಗೆಯಲು ಆಗುವುದೇ ಇಲ್ಲ. ಹಾಗಾಗಿ ಈ ಶೀತ್‌ಗೆ ಎರಡು ರೆಕ್ಕೆ ಕೊಟ್ಟಿರುತ್ತಾರೆ, ಉದ್ದಕ್ಕೂ ಗೀರು ಇರುತ್ತದೆ. ಕ್ಯಾತಿಟರ್ ಒಳಗೆ ಹೋದ ಮೇಲೆ ರೆಕ್ಕೆಗಳನ್ನು ಹಿಡಿದು ಮುರಿಯುತ್ತಾರೆ. ಅದೇ ನಿಮ್ಮ ಮಾವನಿಗೆ ಕೇಳಿಸಿದ ‘ಟಕ್’. ಆಮೇಲೆ ಬಾಳೆಹಣ್ಣಿನ ಸಿಪ್ಪೆಯಂತೆ ಎರಡು ಕಡೆಗೂ ಸುಲಿಯುತ್ತಾ ಹೊರಗೆ ತರುತ್ತಾರೆ. ಕ್ಯಾತಿಟರ್ ಒಂದೇ ಉಳಿಯುತ್ತದೆ. ಪೇಸ್‌ಮೇಕರ್ ತಂತಿ ಇಳಿಸುವಾಗಲೂ ಇದೇ ಬಗೆಯ ಶೀತ್.

ಬಹುಶಃ ‘ಉಸಿರು ಬಿಗಿ ಹಿಡಿಯಿರಿ’ ಅಂತಲೂ ಹೇಳಿರುತ್ತಾರೆ. ಕುತ್ತಿಗೆಯದ್ದು ಅಶುದ್ಧ ರಕ್ತದ ನಾಳ, ಅಲ್ಲಿ ಒತ್ತಡ ಕಡಿಮೆ. ಡೈಲೇಟರ್ ತೆಗೆದ ಕ್ಷಣದಲ್ಲಿ ಜೋರಾಗಿ ಉಸಿರೆಳೆದರೆ ಶೀತ್ ಮೂಲಕ ಗಾಳಿ ಒಳಗೆ ಹೋಗಿಬಿಡಬಹುದು. ಅದಕ್ಕೇ ಆ ಎಚ್ಚರಿಕೆ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಮಾವನಿಗೆ ಮುಂದೆ ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಕೈಯ ಎರಡು ರಕ್ತನಾಳಗಳನ್ನು ಜೋಡಿಸುವುದು) ಮಾಡುತ್ತಾರೆ ಅಂತಿದ್ದರೆ, ಆ ಕೈಯಲ್ಲಿ ಡ್ರಿಪ್ ಹಾಕಿಸಬೇಡಿ, ರಕ್ತ ತೆಗೆಸಬೇಡಿ, ಬಿ.ಪಿ. ಪಟ್ಟಿಯೂ ಬೇಡ. ಕಿಡ್ನಿ ತೊಂದರೆ ಇರುವವರು ಆಂಜಿಯೋಗ್ರಾಂಗೆ ಬಂದರೂ ಟೇಬಲ್ ಹತ್ತುವ ಮೊದಲೇ ಹೇಳಬೇಕು. ಮಣಿಕಟ್ಟಿನ ರಕ್ತನಾಳ ಅವರಿಗೆ ಮುಂದಿನ ಜೀವನಾಧಾರ. ಅದನ್ನು ಉಳಿಸಿಕೊಳ್ಳಲು ಎಷ್ಟೋ ಸಲ ಡಾಕ್ಟರು ತೊಡೆಸಂದಿನಿಂದಲೇ ಹೋಗುತ್ತಾರೆ.

ಪ್ರಶ್ನೆ – ಕಲಬುರಗಿಯಿಂದ, ನರ್ಸಿಂಗ್ ಓದುತ್ತಿರುವವರು

ಸರ್, ವೈರ್ ಪೂರ್ತಿ ಒಳಗೇ ಹೋಗಿಬಿಡುತ್ತದೆ ಅಂತಾರಲ್ಲ, ನಿಜಾನಾ? ಇಲ್ಲ ನಮ್ಮನ್ನ ಹೆದರಿಸೋಕೆ ಹೇಳೋದಾ?

ಉತ್ತರ

ನಿಜ ತಂಗಿ. ಒಂದು ಕೈ ಯಾವಾಗಲೂ ತಂತಿಯ ಮೇಲಿರಬೇಕು. ಚರ್ಮದ ಹತ್ತಿರವೋ, ಟ್ಯೂಬಿನ ಹಿಂಬದಿಯಲ್ಲೋ, ಎಲ್ಲೋ ಒಂದು ಕಡೆ ಬೆರಳು ಬಿಡಲೇಬಾರದು. ಲಂಗಕ್ಕೆ ಲಾಡಿ ಪೋಣಿಸುವಾಗ ಇನ್ನೊಂದು ತುದಿ ಒಳಗೆ ಸೇರಿಬಿಟ್ಟರೆ ಏನು ಪಾಡು, ಯೋಚಿಸು. ಲಂಗವಾದರೆ ಬಿಚ್ಚಿ ಮತ್ತೆ ಪೋಣಿಸಬಹುದು.

ನಾನು ಸೇರಿದ ಹೊಸತರಲ್ಲಿ ಒಂದು ಸಲ ಗ್ಲೌಸ್ ಒದ್ದೆಯಾಗಿತ್ತು, ಯಾರೋ ಕರೆದರು ಅಂತ ತಿರುಗಿದೆ. ಹಿಡಿದಿದ್ದ ತಂತಿ ಬೆರಳಿನಿಂದ ಜಾರಿತು. ಎದುರಿಗಿದ್ದ ಸಿಸ್ಟರ್ ಟಪ್ಪನೆ ಹಿಡಿದರು. ಬೈಯಲಿಲ್ಲ. ಕೇಸ್ ಮುಗಿದ ಮೇಲೆ ಆ ತಂತಿಯನ್ನೇ ನನ್ನ ಕೈಗೆ ಕೊಟ್ಟು ‘ಮನೆಗೆ ಹೋಗೋವರೆಗೂ ಹಿಡ್ಕೊಂಡೇ ಇರು’ ಅಂದರು. ಸಂಜೆವರೆಗೂ ಹಿಡಿದಿದ್ದೆ, ಟೀ ಕುಡಿಯುವಾಗಲೂ! ಕೆಲಸ ಮುಗಿದ ಮೇಲೆ ತಂತಿ ಹೊರಗೆ ಬಂದಿದೆಯಾ ಅಂತ ಕಣ್ಣಾರೆ ನೋಡಿ, ಎಣಿಸಿ, ಬರೆದಿಡುವ ಅಭ್ಯಾಸ ಈಗಲೇ ಮಾಡಿಕೋ.

ಪ್ರಶ್ನೆ – ಧಾರವಾಡದಿಂದ

ಕೈಯೊಳಗಿಂದ ಹೃದಯಕ್ಕ ಟ್ಯೂಬ್ ಹಾಕಬಹುದು ಅಂತ ಮೊದಲು ಧೈರ್ಯ ಮಾಡಿದವರು ಯಾರ್ರೀ?

ಉತ್ತರ

ತಮ್ಮ ಮೇಲೇ ಮಾಡಿಕೊಂಡವರು ರೀ! ವರ್ನರ್ ಫೋರ್ಸ್‌ಮನ್, ಜರ್ಮನಿಯವರು. 1929ರಲ್ಲಿ, 25ರ ಆಸುಪಾಸಿನ ವಯಸ್ಸಿನಲ್ಲಿ, ಮೂತ್ರಕ್ಕೆ ಹಾಕುವಂಥ ತೆಳು ಕ್ಯಾತಿಟರನ್ನು ಮೊಣಕೈ ಸಂದಿನ ನಾಳದಿಂದ 65 ಸೆಂ.ಮೀ. ಒಳಗೆ ತಳ್ಳಿಕೊಂಡು, ಅದೇ ಸ್ಥಿತಿಯಲ್ಲಿ ಎಕ್ಸ್‌ರೇ ರೂಮಿಗೆ ನಡೆದುಹೋಗಿ ಪಿಕ್ಚರ್ ತೆಗೆಸಿಕೊಂಡರು. 1956ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಈಗ ಮಾಡುವ ಹಾಗೆ ಮಣಿಕಟ್ಟಿನಿಂದ ಹೃದಯದ ಆಂಜಿಯೋಗ್ರಾಂ ಮಾಡಬಹುದು ಅಂತ ತೋರಿಸಿದವರು ಕೆನಡಾದ ಲೂಸಿಯನ್ ಕಾಂಪೋ, 1989ರಲ್ಲಿ. ಅದಕ್ಕೂ ಮೊದಲು ಹೆಚ್ಚಿನವು ತೊಡೆಸಂದಿನಿಂದಲೇ ಆಗುತ್ತಿದ್ದವು.

ಪ್ರಶ್ನೆ – ದುಬೈನಿಂದ

ಸರ್, ನಮ್ಮ ತಂದೆ ದಾವಣಗೆರೆಯಲ್ಲಿದ್ದಾರೆ. ನಾಳೆ ತೊಡೆಯಿಂದ ಆಂಜಿಯೋಪ್ಲಾಸ್ಟಿ. ಜೊತೆಗೆ ತಮ್ಮ ಒಬ್ಬನೇ ಇದ್ದಾನೆ. ಅವನು ಏನು ಗಮನಿಸಬೇಕು?

ಉತ್ತರ

ತಮ್ಮನಿಗೆ ಇಷ್ಟನ್ನು ಕಳಿಸಿ.

ತೊಡೆಯ ಶೀತನ್ನು ಕೆಲವೊಮ್ಮೆ ತಕ್ಷಣ ತೆಗೆಯುವುದಿಲ್ಲ. ಹೆಪಾರಿನ್ ಇಳಿಯಲಿ ಅಂತ ಕೆಲವು ಗಂಟೆ ಕಾಯುತ್ತಾರೆ. ‘ಯಾಕಿನ್ನೂ ತೆಗೆದಿಲ್ಲ’ ಅಂತ ಗಾಬರಿಯಾಗುವುದು ಬೇಡ. ಆ ಹೊತ್ತಿನಲ್ಲಿ ಅಪ್ಪ ಕಾಲು ಮಡಚಬಾರದು, ಎದ್ದು ಕೂರಬಾರದು. ತೆಗೆದ ಮೇಲೆ ಯಾರಾದರೂ 15–20 ನಿಮಿಷ ಕೈಯಲ್ಲಿ ಒತ್ತಿ ಹಿಡಿಯುತ್ತಾರೆ. ನೋಡುವವರಿಗೆ ಸುಮ್ನೆ ನಿಂತ ಹಾಗೆ ಕಾಣುತ್ತದೆ, ಒತ್ತುವವರಿಗೆ ಭುಜ ಬಿದ್ದುಹೋಗುತ್ತದೆ. ನನ್ನ ಪ್ರಕಾರ ಇಡೀ ಕೇಸಿನಲ್ಲಿ ಇದಕ್ಕಿಂತ ಮುಖ್ಯ ಕೆಲಸ ಇಲ್ಲ. ಆ ಸಮಯದಲ್ಲಿ ಅವರನ್ನು ಮಾತಿಗೆಳೆಯಬೇಡಿ, ‘ಆಯ್ತಾ, ಆಯ್ತಾ’ ಅಂತ ಕೇಳಬೇಡಿ. ಆಮೇಲೂ ಕೆಲವು ಗಂಟೆ ಕಾಲು ನೇರವಾಗಿರಬೇಕು. ಕೆಮ್ಮು, ಸೀನು ಬಂದರೆ ಅಪ್ಪ ಆ ಜಾಗವನ್ನು ಕೈಯಿಂದ ಒತ್ತಿ ಹಿಡಿದುಕೊಳ್ಳಲಿ.

ಪಟ್ಟಿ ಒದ್ದೆಯಾಗುತ್ತಿದೆಯಾ, ತೊಡೆಸಂದಿನಲ್ಲಿ ಗಡ್ಡೆಯಂತೆ ಊದುತ್ತಿದೆಯಾ, ಪಾದ ತಣ್ಣಗಾಗಿದೆಯಾ ನೋಡುತ್ತಿರಲಿ. ಹೊರಗೆ ರಕ್ತ ಕಾಣದೆ ಒಳಗೇ ಸೋರುವುದೂ ಉಂಟು. ಸೊಂಟ ಅಥವಾ ಕಿಬ್ಬೊಟ್ಟೆಯಲ್ಲಿ ನೋವು, ತಣ್ಣನೆ ಬೆವರು, ತಲೆ ಸುತ್ತು ಅಂದರೆ ‘ಮಲಗಿ ಮಲಗಿ ಸೊಂಟ ಹಿಡಿದಿದೆ’ ಅಂತ ಬಿಡಬಾರದು. ಕೂಡಲೇ ಸಿಸ್ಟರ್‌ಗೆ ಹೇಳಬೇಕು.

ಮನೆಗೆ ಬಂದ ಮೇಲೆ ರಕ್ತ ಶುರುವಾದರೆ ಮಲಗಿಸಿ, ಚರ್ಮದ ತೂತಿಗಿಂತ ಸ್ವಲ್ಪ ಮೇಲೆ ಗಟ್ಟಿಯಾಗಿ ಒತ್ತಿ. ಸೂಜಿ ಓರೆಯಾಗಿ ಹೋಗಿರುವುದರಿಂದ ರಕ್ತನಾಳದ ತೂತು ಚರ್ಮದ ತೂತಿಗಿಂತ ಮೇಲಿರುತ್ತದೆ. ಒತ್ತಿದ ಕೈ ತೆಗೆಯದೆ ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಿ. ಸ್ಟೆಂಟ್ ಹಾಕಿದ ಮೇಲೆ ಕೊಡುವ ರಕ್ತ ತೆಳು ಮಾಡುವ ಮಾತ್ರೆಯನ್ನು ಮಾತ್ರ ‘ರಕ್ತ ಬಂತಲ್ಲ’ ಅಂತ ತಾವಾಗಿ ನಿಲ್ಲಿಸಬೇಡಿ. ಅದನ್ನು ಡಾಕ್ಟರೇ ಹೇಳಬೇಕು.

ಪ್ರಶ್ನೆ – ಮತ್ತೆ ಚಿಂತಾಮಣಿಯಿಂದ

ಅಮ್ಮನ ಕೊನೇ ಪ್ರಶ್ನೆ ಸರ್. ‘ಆ ಶೀತ್ ಈಗ ಎಲ್ಲಿದೆ? ತೊಳೆದು ಬೇರೆಯವರಿಗೆ ಹಾಕ್ತಾರಾ? ದುಡ್ಡು ಕೊಟ್ಟಿದ್ದು ನಾವು!’

ಉತ್ತರ

ಅದು ಒಂದೇ ಸಲ ಬಳಸಲು ಮಾಡಿದ್ದು. ಪ್ಯಾಕೆಟ್ ಮೇಲೆ ‘2’ ಅಂತ ಬರೆದು ಅಡ್ಡಗೆರೆ ಎಳೆದ ಗುರುತು ಇರುತ್ತದೆ, ಎರಡನೇ ಸಲ ಬಳಸಬೇಡಿ ಅಂತ ಅದರ ಅರ್ಥ. ರಕ್ತ ತಾಗಿದ ಆ ಸಾಮಾನು ಆಸ್ಪತ್ರೆಯ ಕಸದಲ್ಲಿ ಬೇರೆಯಾಗಿ ಹೋಗುತ್ತದೆ, ಮನೆಗೆ ಕೊಡುವ ಹಾಗಿಲ್ಲ. ಪ್ಯಾಕೆಟ್ಟಿನ ಸ್ಟಿಕ್ಕರನ್ನು ಸಾಮಾನ್ಯವಾಗಿ ಕೇಸ್ ಶೀಟಿಗೆ ಅಂಟಿಸಿರುತ್ತೇವೆ. ಲಾಟ್ ನಂಬರು, ಮುಗಿಯುವ ತಾರೀಕು ಎಲ್ಲ ಅದರಲ್ಲೇ ಇದೆ. ಮೆಡಿಕಲ್ ರೆಕಾರ್ಡ್ಸ್ ಕೌಂಟರಿನಲ್ಲಿ ಆ ಹಾಳೆಯ ಜೆರಾಕ್ಸ್ ಕೇಳಿ ತೆಗೆದುಕೊಳ್ಳಿ. ಇನ್ಶೂರೆನ್ಸ್‌ನವರು ಕೇಳಿದರೂ ಅದೇ ಬೇಕಾಗುತ್ತದೆ.